ಕಬಗಾಂಬೆ ಮೇಷ್ಟ್ರ ಗುಣವಾಚಕ ಪ್ರಕರಣ

ಕಬಗಾಂಬೆ ಮೇಷ್ಟ್ರಿಗೆ ವ್ಯಾಕರಣದ ಸಹವಾಸವೇ ಇರಲಿಲ್ಲ. ಬೆಟ್ಟದ ಮೇಲಿನ ಆ ಪ್ರಾಥಮಿಕ ಶಾಲೆಯಲ್ಲಿ ಅವರು ಆಟ ಮತ್ತು ಹಾಡಿನ ಮೇಷ್ಟ್ರು. ಕೊರಳಲ್ಲಿ ಒಂದು ಪೀಪಿ, ಕಂಕುಳಲ್ಲಿ ಅರ್ಧ ಗಾಳಿ ಹೋದ ಚೆಂಡು. ಇಷ್ಟರಲ್ಲೇ ಅವರ ಬದುಕು ಸುಖವಾಗಿ ಸಾಗಿತ್ತು. ಅದು ಕೆಟ್ಟದ್ದು ಹಸುಗಳಿಂದ.

ಶಾಲೆಯ ಮೈದಾನಕ್ಕೆ ಊರ ಹಸುಗಳು ನುಗ್ಗಿ ಹುಲ್ಲು ಮೇಯುವುದನ್ನು ತಡೆಯಲು ಹೆಡ್‌ಮೇಡಂ ತುಮುಶಬೆಯವರು ಒಂದು ಹಲಗೆ ಬರೆಸಿದರು. ‘ಇಲ್ಲಿ ಹಸು ಮೇಯಿಸಬಾರದು.’ ಗೇಟಿಗೆ ಹೊಡೆಸುವ ಮುಂಚೆ ಸ್ಟಾಫ್ ರೂಮಿಗೆ ತಂದು ಎಲ್ಲರಿಗೂ ತೋರಿಸಿದರು. ಎಲ್ಲರೂ ಚೆನ್ನಾಗಿದೆ ಎಂದರು. ಕಬಗಾಂಬೆ ಒಬ್ಬರೇ ಕತ್ತು ಓರೆ ಮಾಡಿಕೊಂಡು ಹಲಗೆಯನ್ನೇ ನೋಡಿದರು. ಆಟದ ಮೇಷ್ಟ್ರೆಂದು ತಮ್ಮನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಕೊರಗು ಅವರಲ್ಲಿ ಬಹಳ ದಿನದಿಂದ ಇತ್ತು.

“ಎಲ್ಲಾ ಸರಿ ಇದೆ ಮೇಡಂ,” ಅಂದರು. “ಒಂದು ಗುಣವಾಚಕ ಇದ್ದಿದ್ರೆ ವಾಕ್ಯಕ್ಕೆ ತೂಕ ಬರ್ತಿತ್ತು.”

ಆ ಪದವನ್ನು ಅವರು ಕೊನೆಯ ಸಲ ಕೇಳಿದ್ದು ತಾವೇ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಈಗ ನಾಲಿಗೆಗೆ ಬಂದು ಕೂತಿತ್ತು. ಹೆಡ್‌ಮೇಡಂ ಕನ್ನಡಕದ ಮೇಲಿಂದ ಅವರನ್ನು ನೋಡಿದರು.

“ಒಳ್ಳೇದಾಯ್ತು. ಎರಡನೇ ಕ್ಲಾಸಿನ ಟೀಚರ್ ಹೆರಿಗೆಗೆ ಹೋಗಿದಾರೆ. ಮುಂದಿನ ಪಾಠ ಗುಣವಾಚಕವೇ. ಬರೋ ಗುರುವಾರ ಜಿಲ್ಲೆಯಿಂದ ಇನ್ಸ್‌ಪೆಕ್ಟರ್ ಬಂದು ಅದೇ ಪಾಠ ನೋಡ್ತಾರೆ. ಯಾರಿಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೆ.”

“ಮೇಡಂ, ನನಗೆ ಫುಟ್‌ಬಾಲ್ ಅಭ್ಯಾಸ...”

“ಚೆಂಡಿಗೆ ಗಾಳಿ ಇಲ್ಲವಲ್ಲ ಮೇಷ್ಟ್ರೇ,” ಅಂದರು ಹೆಡ್‌ಮೇಡಂ. ಅಲ್ಲಿಗೆ ಮಾತು ಮುಗಿಯಿತು.

ಮಾರನೆಯ ಬೆಳಿಗ್ಗೆ ಕಬಗಾಂಬೆ ಪಠ್ಯಪುಸ್ತಕವನ್ನು ಎದೆಗೆ ಅವಚಿಕೊಂಡು ಎರಡನೇ ಕ್ಲಾಸಿಗೆ ಹೋದರು. ಬೆಟ್ಟದ ಮಂಜು ಕಿಟಕಿಯಿಂದ ಒಳಗೇ ಬಂದಿತ್ತು. ಸ್ವೆಟರ್ ತೊಟ್ಟ ಪುಟ್ಟ ಪುಟ್ಟ ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದವು. ಮೇಷ್ಟ್ರು ಪುಸ್ತಕ ನೋಡಿ ಓದಿದರು. “ನಾಮಪದದ ಗುಣವನ್ನು ತಿಳಿಸುವ ಪದವೇ ಗುಣವಾಚಕ. ಗೊತ್ತಾಯ್ತಾ?”

“ಗೊತ್ತಾಯ್ತು ಮೇಷ್ಟ್ರೇ,” ಅಂತ ಇಡೀ ಕ್ಲಾಸು ಕೂಗಿತು.

“ಗುಣ ಅಂದ್ರೇನು?”

ಮುಂದಿನ ಸಾಲಿನ ಒಬ್ಬ ಹುಡುಗ ಎದ್ದ. “ಜ್ವರ ಬಂದು ಹೋಗೋದು ಮೇಷ್ಟ್ರೇ. ನಮ್ಮಜ್ಜಿಗೆ ಗುಣ ಆಯ್ತು.”

“ನಮ್ಮ ಆಡಿಗೆ ಗುಣ ಆಗ್ಲಿಲ್ಲ, ಸತ್ತೋಯ್ತು,” ಅಂದಳು ಇನ್ನೊಬ್ಬಳು. ಆಡಿನ ವಿಷಯ ಬಂದ ಮೇಲೆ ಎಲ್ಲರಿಗೂ ಹೇಳುವುದಕ್ಕೆ ಒಂದೊಂದು ಇತ್ತು. ಪಾಠ ಪೂರ್ತಿ ಪಶುವೈದ್ಯದ ಕಡೆಗೆ ಹೊರಟಿತು.

ಮೇಷ್ಟ್ರು ಪುಸ್ತಕ ಮುಚ್ಚಿದರು. ತಮಗೆ ಬರುವ ವಿದ್ಯೆ ಒಂದೇ, ಅದನ್ನೇ ಹಿಡಿದರು. ಪೀಪಿ ಊದಿ ಮಕ್ಕಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು.

“ಈಗ ಆಟ. ನಾನು ‘ಗೆಣಸು’ ಅಂದ್ರೆ ಸುಮ್ಮನಿರಬೇಕು. ‘ದೊಡ್ಡ ಗೆಣಸು’ ಅಂದ್ರೆ ಒಂಟಿಕಾಲಲ್ಲಿ ಒಂದ್ಸಲ ಕುಪ್ಪಳಿಸಬೇಕು. ಯಾಕೆ? ‘ದೊಡ್ಡ’ ಅನ್ನೋದು ಗೆಣಸು ಹೇಗಿದೆ ಅಂತ ಹೇಳ್ತು. ಹಾಗೆ ಹೇಳೋ ಪದ ಎಲ್ಲಿ ಕೇಳಿದ್ರೂ ಕುಪ್ಪಳಿಸಿ. ಗೆಣಸು... ಸಿಹಿ ಗೆಣಸು... ಬೆಟ್ಟ... ಕಡಿದಾದ ಬೆಟ್ಟ... ತಣ್ಣನೆ ಅಂಬಲಿ... ಹರಿದ ಅಂಗಿ...”

ನೆಲ ಅದುರಿತು. ಮೂಲೆಯಲ್ಲಿದ್ದ ಒಬ್ಬ ಗುಂಡುಗುಂಡಗಿನ ಹುಡುಗ ಎಲ್ಲದಕ್ಕೂ ಕುಪ್ಪಳಿಸುತ್ತಿದ್ದ. ಅವನಿಗೆ ಕುಪ್ಪಳಿಸುವುದೇ ಇಷ್ಟ. ಹಿಂದಿನ ಸಾಲಿನ ನಿನ್ಸೀಮ ಎಂಬ ಸಣಕಲು ಹುಡುಗಿ ಮಾತ್ರ ಎಲ್ಲರೂ ಕುಪ್ಪಳಿಸಿ ಇಳಿದ ಮೇಲೆ, ಪದವನ್ನು ಬಾಯೊಳಗೆ ಒಂದು ಸಲ ಹೊರಳಿಸಿ ನೋಡಿ, ಆಮೇಲೆ ಕುಪ್ಪಳಿಸುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ಮೇಷ್ಟ್ರಿಗೆ ತಾವು ಹುಟ್ಟಿದ್ದೇ ವ್ಯಾಕರಣಕ್ಕಾಗಿ ಎನ್ನಿಸಿಬಿಟ್ಟಿತ್ತು. ಆ ಉಮೇದಿನಲ್ಲಿ ಮನೆಪಾಠವನ್ನೂ ಕೊಟ್ಟರು. “ನಿಮ್ಮ ಮನೇಲಿ, ನಿಮ್ಮ ಊರಲ್ಲಿ ಯಾರ್‍ಯಾರು ಇದಾರೋ ಅವರಿಗೆಲ್ಲ ಒಂದೊಂದು ಗುಣವಾಚಕ ಹುಡುಕ್ಕೊಂಡು ಬನ್ನಿ. ಇನ್ಸ್‌ಪೆಕ್ಟರ್ ಎದುರಿಗೆ ಹೇಳ್ಬೇಕು.” ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಬಾಗಿಲ ಹತ್ತಿರ ತಿರುಗಿ, ಗಂಭೀರವಾಗಿ ಕೇಳಿಸಲಿ ಎಂದು ಇನ್ನೊಂದು ಮಾತು ಸೇರಿಸಿದರು. “ನಿಜವಾದದ್ದೇ ಇರಬೇಕು.”

ಶನಿವಾರ ಸಂಜೆ ಅಂಗಡಿಯ ಮುಹೆರೆಜ ಮೇಷ್ಟ್ರ ಮನೆಗೆ ಬಂದ. ಮೇಷ್ಟ್ರು ಅಂಗಳದಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಅವರ ಹೆಂಡತಿ ಜೆನೆರೋಜ ಒಲೆಯ ಮುಂದೆ ಇದ್ದಳು.

“ಮೇಷ್ಟ್ರೇ, ಒಂದು ಕೇಳ್ತೀನಿ, ನೇರವಾಗಿ ಹೇಳಿ,” ಅಂದ ಮುಹೆರೆಜ, ಕೂರದೆ. “ಸಕ್ಕರೆ ತೂಗ್ತಾ ಇದ್ದೆ. ನಿಮ್ಮ ಕ್ಲಾಸಿನ ಎರಡು ಮಕ್ಕಳು ಬಂದು ನನ್ನ ಮುಖಾನೇ ನೋಡ್ತಾ ನಿಂತ್ವು. ಏನು ಬೇಕು ಅಂದೆ. ಏನೂ ಬೇಡ, ಹುಡುಕ್ತಿದೀವಿ ಅಂದ್ವು. ಆಮೇಲೆ ಒಂದು ‘ಜಿಪುಣ ಮುಹೆರೆಜ’ ಅಂತು. ಇನ್ನೊಂದು ಕುಪ್ಪಳಿಸ್ತು. ಅಂಗಡಿ ತುಂಬ ಜನ ಇದ್ರು.”

“ಮಕ್ಕಳು, ಸೆಬೋ...” ಅಂದರು ಮೇಷ್ಟ್ರು, ಸ್ವಾಮಿ ಅನ್ನುವ ಗೌರವದಲ್ಲಿ.

“ಜಿಪುಣ ಅನ್ನೋದು ಗುಣವಾಚಕ ಹೌದೋ ಅಲ್ವೋ?”

ಮೇಷ್ಟ್ರು ಚಾಕು ಕೆಳಗಿಟ್ಟು ಯೋಚಿಸಿದರು. ವಿದ್ಯೆಯ ವಿಷಯದಲ್ಲಿ ಸುಳ್ಳು ಹೇಳಬಾರದು ಎನ್ನಿಸಿತು. “ವ್ಯಾಕರಣದ ಪ್ರಕಾರ ಹೌದು.”

“ಅಂದ್ರೆ ಮಕ್ಕಳು ಹೇಳಿದ್ದು ಸರಿ.”

“ವ್ಯಾಕರಣದ ಪ್ರಕಾರ ಸರಿ.”

ಮುಹೆರೆಜ ಅಲ್ಲಿಂದಲೇ ತಿರುಗಿ ಹೋದ. ಕತ್ತಲಾಗುವಷ್ಟರಲ್ಲಿ ಸರ್ಕಾರದ ವ್ಯಾಕರಣ ತನ್ನನ್ನು ಜಿಪುಣನೆಂದು ತೀರ್ಮಾನಿಸಿದೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಬಿಟ್ಟಿದ್ದ. ಇನ್ಸ್‌ಪೆಕ್ಟರ್ ಬಂದು ಎಲ್ಲರ ಗುಣವಾಚಕವನ್ನೂ ಬರೆದುಕೊಂಡು ಜಿಲ್ಲೆಗೆ ಒಯ್ಯುತ್ತಾನಂತೆ ಎಂಬ ಮಾತೂ ಅದಕ್ಕೆ ಎಲ್ಲಿಂದಲೋ ಬಂದು ಸೇರಿಕೊಂಡಿತು.

“ನಿಮ್ಮನ್ನ ಆ ಹಲಗೆ ಓದೋಕೆ ಯಾರು ಕರೆದಿದ್ರು?” ಅಂದಳು ಜೆನೆರೋಜ. ಮೇಷ್ಟ್ರು ಆಲೂಗಡ್ಡೆಯನ್ನು ಸಿಪ್ಪೆಯೊಂದಿಗೆ ಅರ್ಧ ತಿರುಳೂ ಹೋಗುವಂತೆ ಹೆರೆದರು.

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವ ಸರದಿ ಸಬೀತಿಯದು. ಸಬೀತಿ ಕುಳ್ಳ, ದನಿ ಸಣ್ಣದು. ಆತ ಪ್ರಾರ್ಥನೆಗೆ ನಿಂತರೆ ಜನ ಕಣ್ಣು ಮುಚ್ಚುವುದು ಭಕ್ತಿಗೆ, ತೆರೆಯದೇ ಇರುವುದು ನಿದ್ದೆಗೆ. ಅವತ್ತು ಎಂದಿನಂತೆ ಕೈ ಜೋಡಿಸಿ ಶುರು ಮಾಡಿದ. “ಮಹಾನ್ ದೇವರೇ...”

ಮಕ್ಕಳ ಬೆಂಚಿನ ಕಡೆಯಿಂದ ಧಡ್ ಎಂದು ಸದ್ದಾಯಿತು.

“ಕರುಣಾಳು ದೇವರೇ...” ಧಡ್. “ಪರಿಶುದ್ಧ, ನ್ಯಾಯವಂತ, ಅನಂತ...” ಧಡ್, ಧಡ್, ಧಡ್.

ಕಬಗಾಂಬೆ ಕಂಬದ ಮರೆಗೆ ಸರಿದರು. ಆದರೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣು ತೆರೆದು ತಿರುಗಿ ನೋಡಿದರು. ಮಕ್ಕಳು ಕಣ್ಣು ಮುಚ್ಚಿಕೊಂಡು ಕುಪ್ಪಳಿಸುತ್ತಿದ್ದವು. ಅಜ್ಜಿಯ ಕಣ್ಣು ತುಂಬಿತು. ಪವಿತ್ರಾತ್ಮ ಎಳೆಯರ ಮೇಲೇ ಇಳಿದಿದೆ ಎಂದು ಅವರು ಬೆಂಚಿನಿಂದೆದ್ದು ಚಪ್ಪಾಳೆ ತಟ್ಟಿ ಹಾಡತೊಡಗಿದರು. ಪಕ್ಕದವರು ಎದ್ದರು. ಡೋಲು ಎಲ್ಲಿತ್ತೋ, ಅದೂ ಬಂತು. ಸಬೀತಿಯ ಸಣ್ಣ ದನಿಗೆ ಹುಟ್ಟಿದಾಗಿನಿಂದ ಸಿಗದ ಬಲ ಸಿಕ್ಕಿತು. ಗೊತ್ತಿದ್ದ ಗುಣಗಳನ್ನೆಲ್ಲ ದೇವರಿಗೆ ಹಚ್ಚಿ ಮುಗಿಸಿ, ಗೊತ್ತಿಲ್ಲದವನ್ನೂ ಹುಡುಕಿ ಹುಡುಕಿ ಹಚ್ಚಿದ. ಮಧ್ಯಾಹ್ನದ ಊಟ ಎಲ್ಲರ ಮನೆಯಲ್ಲೂ ತಣ್ಣಗಾಯಿತು.

ಬೈಸಿಕೊಳ್ಳುವುದು ಖಂಡಿತ ಎಂದುಕೊಂಡು ಮೇಷ್ಟ್ರು ನೀಲಗಿರಿ ಮರಗಳ ನಡುವಿನ ಅಡ್ಡದಾರಿ ಹಿಡಿದರು. ಸಬೀತಿ ಹಿಂದೆಯೇ ಓಡಿಬಂದು ಕೈ ಹಿಡಿದುಕೊಂಡ. “ಮೇಷ್ಟ್ರೇ, ಮುಂದಿನ ಭಾನುವಾರಕ್ಕೆ ಇನ್ನೊಂದಷ್ಟು ಪದ ಬೇಕಿತ್ತು,” ಅಂದ ಪಿಸುದನಿಯಲ್ಲಿ. “ನನ್ನ ಹತ್ರ ಇದ್ದವೆಲ್ಲಾ ಖರ್ಚಾದ್ವು.”

ಸೋಮವಾರದ ಹೊತ್ತಿಗೆ ಊರಿನ ನಡತೆಯೇ ಬದಲಾಗಿಹೋಗಿತ್ತು. ಜಗಳಗಂಟಿ ಎಂದು ಹೆಸರಾದ ಹೆಂಗಸರು ಮಕ್ಕಳು ಕಂಡರೆ ದನಿ ತಗ್ಗಿಸುತ್ತಿದ್ದರು. ಮುಹೆರೆಜನ ಅಂಗಡಿಯಲ್ಲಿ ಎರಡನೇ ಕ್ಲಾಸಿನವರಿಗೆ ಮಾತ್ರ ಬೆಲ್ಲದ ತುಂಡು ಬಿಟ್ಟಿ. ಒಬ್ಬ ಅಜ್ಜ ಹೊಸ ಟೋಪಿ ಹಾಕಿಕೊಂಡು ಶಾಲೆಯ ಗೇಟಿನ ಮುಂದೆ ಅತ್ತಿಂದಿತ್ತ ಓಡಾಡಿದ. ಹೆಡ್‌ಮೇಡಂ ಮೇಷ್ಟ್ರನ್ನು ಕರೆಸಿದರು.

“ಕಬಗಾಂಬೆಯವರೇ, ಗೇಟಿನ ಹತ್ರ ಜನ ನಿಂತಿದಾರೆ. ಕೆಲವರು ನಿಮ್ಮನ್ನ ಹೊಡೀಬೇಕು ಅಂತಾರೆ, ಕೆಲವರು ತಮ್ಮ ಪದ ಬದಲಾಯಿಸಿಕೊಡಿ ಅಂತಾರೆ. ಇದು ಶಾಲೆಯೋ ಕೋರ್ಟೋ?”

“ಪಾಠ ಚೆನ್ನಾಗಿ ಹತ್ತಿದೆ ಮೇಡಂ.”

“ಗುರುವಾರ ಮುಗೀಲಿ, ನಿಮಗೆ ಹತ್ತಿಸ್ತೀನಿ,” ಅಂದರು ಹೆಡ್‌ಮೇಡಂ.

ಅವತ್ತು ಸಂಜೆ ಮೇಷ್ಟ್ರ ಅಂಗಳಕ್ಕೆ ಕೆದ್ರೆಸ್ ಬಂದಳು. ಕೈಯಲ್ಲಿ ಗುದ್ದಲಿ, ಕಾಲಿಗೆಲ್ಲ ಹೊಲದ ಮಣ್ಣು. ನಿನ್ಸೀಮಳ ತಾಯಿ ತೀರಿಕೊಂಡ ಮೇಲೆ ಅವಳಪ್ಪ ಮದುವೆಯಾಗಿದ್ದು ಈ ಕೆದ್ರೆಸ್‌ಳನ್ನು. ಅಪ್ಪ ಮರ ಸಾಗಿಸುವ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಕೆದ್ರೆಸ್ ಬಾಯಿ ತೆಗೆದರೆ ಆಚೆ ಬೆಟ್ಟಕ್ಕೂ ಕೇಳುತ್ತಿತ್ತು. ಮೇಷ್ಟ್ರು ಗುದ್ದಲಿ ನೋಡಿ ಎದ್ದು ನಿಂತರು.

“ಬನ್ನಿ ನ್ಯಾಬೋ, ಕೂತ್ಕೊಳ್ಳಿ,” ಅಂದರು, ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ.

“ಕೂರೋಕೆ ಬರ್ಲಿಲ್ಲ,” ಅಂದಳು. ಅಂದವಳು ಕೂತಳು. ಜೆನೆರೋಜ ಅಂಬಲಿಯ ಬಟ್ಟಲು ಕೊಟ್ಟಳು. ಕೆದ್ರೆಸ್ ಅದನ್ನು ಕುಡಿಯದೆ ಎರಡು ಕೈಯಲ್ಲೂ ಹಿಡಿದುಕೊಂಡಳು.

“ಆ ಹುಡುಗಿ ನನ್ನ ಬಗ್ಗೆ ಏನು ಹೇಳ್ತಾಳೆ ಮೇಷ್ಟ್ರೇ?”

“ಇನ್ನೂ ಹೇಳಿಲ್ಲ.”

“ಹೇಳ್ತಾಳಲ್ಲ. ಊರೆಲ್ಲಾ ಕಿಟಕೀಲಿ ನಿಂತಿರುತ್ತೆ.” ಅವಳ ದನಿ ಅಂಗಳ ದಾಟಲಿಲ್ಲ. ಹಾಗೂ ಮಾತಾಡಬಲ್ಲಳು ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. “ನಾನು ಕೂಗ್ತೀನಿ, ನಿಜ. ತಲೆ ಬಾಚೋವಾಗ ಎಳೆದುಬಿಡ್ತೀನಿ, ಅದೂ ನಿಜ. ನಮ್ಮಮ್ಮ ನನಗೆ ಹಾಗೇ ಬಾಚಿದ್ದು. ಮೆತ್ತಗೆ ಹೇಗೆ ಮಾತಾಡ್ಬೇಕು ಅಂತ ಯಾರೂ ಹೇಳಿಕೊಡ್ಲಿಲ್ಲ. ಎರಡು ವರ್ಷ ಆಯ್ತು, ಆ ಹುಡುಗಿ ನನ್ನನ್ನ ಏನಂತಲೂ ಕರೆಯಲ್ಲ. ನನ್ನ ಮುಖ ನೋಡಿ ‘ಹಸಿವಾಗ್ತಿದೆ’ ಅನ್ನುತ್ತೆ, ಅಷ್ಟೇ. ಬೇರೆಯವರ ಹತ್ರ ‘ಅಪ್ಪನ ಹೆಂಡ್ತಿ’ ಅನ್ನುತ್ತೆ.”

ಜೆನೆರೋಜ ಒಲೆಯ ಬೆಂಕಿ ಸರಿಮಾಡುವ ನೆಪದಲ್ಲಿ ಅತ್ತ ತಿರುಗಿದಳು.

“ನೀವೇ ಒಂದು ಪದ ಹೇಳಿಕೊಡಿ ಅವಳಿಗೆ,” ಅಂದಳು ಕೆದ್ರೆಸ್. “ಒಳ್ಳೆ ಪದವೇ ಆಗ್ಬೇಕು ಅಂತಿಲ್ಲ. ಮಧ್ಯಮದ್ದು ಒಂದಿದ್ರೆ ಸಾಕು. ‘ಎತ್ತರದ’ ಅಂದ್ರೂ ನಡೆಯುತ್ತೆ. ನಾನು ಎತ್ತರ ಇದೀನಿ. ಸುಳ್ಳೇನಲ್ಲ.”

ಮೇಷ್ಟ್ರು ಮಾತು ಕೊಟ್ಟರು. ಅವಳು ಹೋದ ಮೇಲೆ ಜೆನೆರೋಜ ಗಂಡನ ಪಕ್ಕ ಬಂದು ಕೂತಳು. “ಅದನ್ನೆಲ್ಲ ಮಗುವಿಗೆ ಹೇಳಿಕೊಡೋಕಾಗುತ್ತಾ?”

“ಎತ್ತರ ಅನ್ನೋದು ಕಷ್ಟದ ಪದವೇನಲ್ಲ,” ಅಂದರು ಮೇಷ್ಟ್ರು.

ಮಾರನೆಯ ದಿನ ಆಟದ ಹೊತ್ತಿನಲ್ಲಿ ನಿನ್ಸೀಮಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಮೊದಲು ಮಂಜಿನ ವಿಷಯ ಮಾತಾಡಿದರು. ಆಮೇಲೆ ಅವಳ ಸ್ವೆಟರ್ ಚೆನ್ನಾಗಿದೆ ಎಂದರು. ಆಮೇಲೆ, ಯಾವುದೋ ಹೊಳೆದವರಂತೆ, “ನಿಮ್ಮ ಮನೇಲಿ ಕೆದ್ರೆಸ್ ಇದಾರಲ್ಲ, ಅವರಿಗೆ ‘ಎತ್ತರದ’ ಅನ್ನೋದು ಒಳ್ಳೆ ಗುಣವಾಚಕ ಅಲ್ವಾ?” ಅಂದರು.

ನಿನ್ಸೀಮ ಪದವನ್ನು ಬಾಯೊಳಗೆ ಹೊರಳಿಸಿದಳು. “ನಿಜ ಮೇಷ್ಟ್ರೇ. ಆದ್ರೆ ಕರೆಂಟ್ ಕಂಬಾನೂ ಎತ್ತರವೇ.”

“ಹಾಗಾದ್ರೆ?”

“ಹುಡುಕ್ತಾ ಇದೀನಿ. ಒಂದು ಸಿಕ್ಕಿತ್ತು. ಪೂರ್ತಿ ನಿಜ ಆಗಿರ್ಲಿಲ್ಲ, ಬಿಟ್ಟೆ.”

ಸಿಕ್ಕಿದ್ದು ಯಾವುದು ಎಂದು ಕೇಳಲು ಮೇಷ್ಟ್ರಿಗೆ ಧೈರ್ಯ ಸಾಲಲಿಲ್ಲ. ನಿಜವಾದದ್ದೇ ಇರಬೇಕು ಎಂದು ಬಾಗಿಲಲ್ಲಿ ನಿಂತು ಸೇರಿಸಿದ ಆ ಮಾತನ್ನು ಈಗ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ.

ಗುರುವಾರ ಇನ್ಸ್‌ಪೆಕ್ಟರ್ ಬಾಡಿಗೆಯ ಬೋಡಾ ಬೈಕಿನ ಹಿಂದೆ ಕೂತು ಬೆಟ್ಟ ಹತ್ತಿ ಬಂದರು. ದಪ್ಪ ಮನುಷ್ಯ, ಟೈ ಗಾಳಿಗೆ ಹೆಗಲ ಹಿಂದೆ ಹೋಗಿತ್ತು. ಶಾಲೆಯ ಮುಂದೆ ನೆರೆದ ಜನ ನೋಡಿ ಗಾಬರಿಯಾದರು. “ಯಾರಾದ್ರೂ ತೀರಿಕೊಂಡ್ರಾ?” ಅಂದರು.

“ಪಾಠ ನೋಡೋಕೆ ಬಂದಿದಾರೆ,” ಅಂದರು ಹೆಡ್‌ಮೇಡಂ.

ಇನ್ಸ್‌ಪೆಕ್ಟರಿಗೆ ತಮ್ಮ ಸರ್ವಿಸಿನಲ್ಲೇ ಇಂಥದ್ದು ಕಂಡು ಗೊತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಹೇಗೋ ಹಿಡಿಸಿಕೊಂಡು ಕೂತರು. ಪೆನ್ನು ತೆಗೆದರು. ಪೆನ್ನು ಕಂಡ ಕೂಡಲೇ ಕಿಟಕಿಗಳಲ್ಲಿ ಪಿಸುಮಾತು ಹರಿದಾಡಿತು: ಜಿಲ್ಲೆಗೆ ಹೋಗುವುದು ನಿಜವಂತೆ.

ಮೇಷ್ಟ್ರು ಗೆಣಸಿನಿಂದ ಶುರು ಮಾಡಿದರು. ಮಕ್ಕಳು ಕುಪ್ಪಳಿಸಿದಾಗ ಇನ್ಸ್‌ಪೆಕ್ಟರ್ ಬೆಂಚಿನೊಂದಿಗೆ ತಾವೂ ಒಂದಿಷ್ಟು ಮೇಲೆ ಹೋಗಿ ಇಳಿದರು. ಆಮೇಲೆ ಮನೆಪಾಠ. ಬೆಲ್ಲ ತಿಂದ ಹುಡುಗ ಎದ್ದು, “ಸಿಹಿಯಾದ ಮುಹೆರೆಜ,” ಅಂದ. ಕಿಟಕಿಯಲ್ಲಿದ್ದ ಮುಹೆರೆಜ ಸುತ್ತಲಿನವರ ಮುಖ ನೋಡಿದ. ಸಂತೋಷ ಪಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಇನ್ನೊಬ್ಬಳು, “ಉದ್ದವಾದ ಸಬೀತಿ,” ಅಂದಳು.

“ಸಬೀತಿ ಕುಳ್ಳಗಿದಾರಲ್ಲಮ್ಮ?” ಅಂದರು ಮೇಷ್ಟ್ರು.

“ಪ್ರಾರ್ಥನೆ ಉದ್ದ ಮೇಷ್ಟ್ರೇ.”

ಎಲ್ಲರೂ ನಕ್ಕರು. ಟೋಪಿಯ ಅಜ್ಜನಿಗೆ ‘ಹೊಸ’ ಎಂಬ ಪದ ಸಿಕ್ಕಿ, ಅವನು ಟೋಪಿ ತೆಗೆದು ವಂದಿಸಿದ. ಹೆಡ್‌ಮೇಡಂಗೆ ಬಂದ ಪದ ‘ಬೇಗನೆ ಬರುವ’. ಅವರ ಹೆಜ್ಜೆ ಸದ್ದು ಕೇಳಿ ನಾವು ಓಡುವುದರೊಳಗೆ ಬಂದುಬಿಡುತ್ತಾರೆ ಎಂದು ಪದ ಹೇಳಿದ ಹುಡುಗ ಕಾರಣವನ್ನೂ ಕೊಟ್ಟ. ಇನ್ಸ್‌ಪೆಕ್ಟರ್ ಕಣ್ಣೊರೆಸಿಕೊಂಡರು.

ಆಮೇಲೆ ನಿನ್ಸೀಮ ಎದ್ದು ನಿಂತಳು. ಮೇಷ್ಟ್ರು ಅವಳನ್ನು ಕರೆದಿರಲಿಲ್ಲ. ಕರೆಯದೆ ಮುಗಿಸಿಬಿಡೋಣ ಎಂದೇ ಲೆಕ್ಕ ಹಾಕಿದ್ದರು.

ಎಡಗಡೆಯ ಕಿಟಕಿಯಲ್ಲಿ ಕೆದ್ರೆಸ್ ನಿಂತಿದ್ದಳು. ಹೊಲದಿಂದ ನೇರ ಬಂದಿರಲಿಲ್ಲ. ಚರ್ಚಿಗೆ ಉಡುವ ಬಟ್ಟೆ ಉಟ್ಟು ಬಂದಿದ್ದಳು.

“ನಮ್ಮನೆ ಕೆದ್ರೆಸ್‌ಗೆ ಹುಡುಕಿದೆ ಮೇಷ್ಟ್ರೇ,” ಅಂದಳು ನಿನ್ಸೀಮ. “ಜೋರಾದ ಅಂತ ಒಂದಿತ್ತು. ಆದ್ರೆ ನಂಗೆ ಜ್ವರ ಬಂದಾಗ ರಾತ್ರಿಯೆಲ್ಲಾ ಜೋರಿರ್ಲಿಲ್ಲ. ಸಿಟ್ಟಿನ ಅಂತ ಒಂದಿತ್ತು. ಆದ್ರೆ ದೊಡ್ಡ ಆಲೂಗಡ್ಡೆ ನನ್ನ ತಟ್ಟೆಗೇ ಹಾಕೋದು. ಎತ್ತರದ ಅಂತ ಮೇಷ್ಟ್ರು ಕೊಟ್ರು. ಒಂದೂ ಸರಿಹೋಗ್ಲಿಲ್ಲ.”

ಕಿಟಕಿಯ ಕಡೆ ನೋಡಲು ಯಾರಿಗೂ ಆಗಲಿಲ್ಲ. ಮೇಷ್ಟ್ರೇ ಕೇಳಿದರು. “ಹಾಗಾದ್ರೆ ಯಾವುದು ಮಗಾ?”

“ನನ್ನ,” ಅಂದಳು ನಿನ್ಸೀಮ. “ನನ್ನ ಅಮ್ಮ.”

ಒಂದು ಮಗುವೂ ಕುಪ್ಪಳಿಸಲಿಲ್ಲ. ಎಲ್ಲದಕ್ಕೂ ಕುಪ್ಪಳಿಸುವ ಆ ಗುಂಡು ಹುಡುಗ ಕೂಡ ಒಂದು ಕಾಲು ಎತ್ತಿ, ಅಕ್ಕಪಕ್ಕ ನೋಡಿ, ಇಳಿಸಿದ. ನಿನ್ಸೀಮ ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತಿದ್ದಳು. ತಪ್ಪೋ ಸರಿಯೋ ಅವರೇ ಹೇಳಬೇಕಿತ್ತು.

ಮೇಷ್ಟ್ರಿಗೆ ಪುಸ್ತಕದ ಪುಟ ಕಣ್ಣ ಮುಂದೆ ಬಂತು. ಬಣ್ಣ, ಗಾತ್ರ, ಆಕಾರ, ಸ್ವಭಾವ. ‘ನನ್ನ’ ಎನ್ನುವುದು ಯಾವ ಸಾಲಿನಲ್ಲೂ ಇರಲಿಲ್ಲ. ಇದು ತಪ್ಪು ಉತ್ತರ. ಹಿಂದಿನ ಬೆಂಚಿನಲ್ಲಿ ಪೆನ್ನು ಕಾಯುತ್ತಿದೆ. ಸರಿ ಎಂದರೆ ತಮ್ಮ ವ್ಯಾಕರಣದ ಬಂಡವಾಳ ಜಿಲ್ಲೆಯವರೆಗೆ ಗೊತ್ತಾಗುತ್ತದೆ. ತಪ್ಪು ಎಂದರೆ...

ಕಬಗಾಂಬೆ ಮೇಷ್ಟ್ರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಪ್ಯಾಂಟನ್ನು ಸ್ವಲ್ಪ ಮೇಲೆಳೆದುಕೊಂಡರು. ಬಲಗಾಲು ಎತ್ತಿ, ಇಡೀ ಊರು, ಹೆಡ್‌ಮೇಡಂ, ಜಿಲ್ಲೆಯ ಇನ್ಸ್‌ಪೆಕ್ಟರ್ ಎಲ್ಲರೂ ನೋಡುತ್ತಿದ್ದ ಹಾಗೆ ಎಡಗಾಲಿನಲ್ಲಿ ಕುಪ್ಪಳಿಸಿದರು. ವಯಸ್ಸಾದ ಕಾಲು, ಸ್ವಲ್ಪ ಓಲಾಡಿತು. ಬೋರ್ಡು ಹಿಡಿದುಕೊಂಡರು.

“ಮೇಷ್ಟ್ರೇ,” ಅಂದರು ಇನ್ಸ್‌ಪೆಕ್ಟರ್ ಹಿಂದಿನಿಂದ. “ಕಾಲು ಇಳಿಸಿ.”

ಮೇಷ್ಟ್ರು ಕಾಲು ಇಳಿಸಿದರು. ಇನ್ಸ್‌ಪೆಕ್ಟರ್ ಕಷ್ಟಪಟ್ಟು ಬೆಂಚಿನಿಂದ ಬಿಡಿಸಿಕೊಂಡು ಎದ್ದು ಮುಂದೆ ಬಂದರು.

“ಯಾವ ಅಮ್ಮ ಅಂತ ಕೇಳಿದ್ರೆ ಏನು ಹೇಳ್ತೀರಿ ಮಕ್ಕಳೇ? ಊರಲ್ಲಿ ಬೇಕಾದಷ್ಟು ಅಮ್ಮಂದಿರು ಇದಾರೆ. ಈ ಹುಡುಗಿ ಹೇಳೋದು ಯಾರನ್ನ? ‘ನನ್ನ’ ಅಂದ ಕೂಡಲೇ ಗೊತ್ತಾಯ್ತು. ಹೆಸರಿನ ಮುಂದೆ ನಿಂತು ಯಾವುದು, ಎಂಥದ್ದು, ಯಾರದ್ದು ಅಂತ ತೋರಿಸೋ ಪದ ಎಲ್ಲಾ ವಿಶೇಷಣವೇ, ಗುಣವಾಚಕದ ಬಳಗವೇ. ದೊಡ್ಡ ವ್ಯಾಕರಣದ ಪುಸ್ತಕದಲ್ಲಿ ಇದೆ. ಎರಡನೇ ಕ್ಲಾಸಿನ ಪುಸ್ತಕದಲ್ಲಿ ಇಲ್ಲ.” ಅವರು ನಿನ್ಸೀಮಳ ತಲೆ ಮುಟ್ಟಿದರು. “ಸರಿ ಉತ್ತರ.”

ಆಗ ಎದ್ದ ಸದ್ದಿಗೆ ಮೈದಾನದಲ್ಲಿ ಮೇಯುತ್ತಿದ್ದ ಹಸುಗಳು ಓಡಿದವು. ಹಲಗೆಗೆ ಅಂಜದವು ಇದಕ್ಕೆ ಅಂಜಿದವು.

ಗದ್ದಲ ತಗ್ಗಿದ ಮೇಲೆ ಇನ್ಸ್‌ಪೆಕ್ಟರ್ ಮೇಷ್ಟ್ರನ್ನು ವರಾಂಡಕ್ಕೆ ಕರೆದರು. “ಇದು ತರಬೇತಿ ಆದ ಟೀಚರ್‌ಗಳಿಗೇ ಗೊತ್ತಿರಲ್ಲ. ನಿಮಗೆ ಹೇಗೆ ಗೊತ್ತಿತ್ತು?”

ಪಕ್ಕದಲ್ಲೇ ಹೆಡ್‌ಮೇಡಂ ಇದ್ದರು. ಒಂದು ವಾರದ ಹಿಂದಿನ ಕಬಗಾಂಬೆ ಆಗಿದ್ದರೆ ಈ ಪ್ರಶ್ನೆಗೆ ಒಂದು ಭಾಷಣವನ್ನೇ ಮಾಡುತ್ತಿದ್ದರು.

“ಗೊತ್ತಿರ್ಲಿಲ್ಲ ಸರ್,” ಅಂದರು. “ತಪ್ಪು ಅಂತಾನೇ ತಿಳ್ಕೊಂಡಿದ್ದೆ.”

ಇನ್ಸ್‌ಪೆಕ್ಟರ್ ಏನೋ ಬರೆಯಲು ಹೋದವರು ಬರೆಯದೆ, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. ಹೆಡ್‌ಮೇಡಂ, “ಚೆಂಡಿಗೆ ಗಾಳಿ ಹಾಕಿಸೋಣ ಮೇಷ್ಟ್ರೇ,” ಅಂದು ಒಳಗೆ ಹೋದರು.

ಕೆದ್ರೆಸ್ ಕಿಟಕಿಯಲ್ಲಿ ಇರಲಿಲ್ಲ. ಮಳೆನೀರಿನ ಟ್ಯಾಂಕಿನ ಹಿಂದೆ ನಿಂತು ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದುದನ್ನು ಮೇಷ್ಟ್ರು ಕಂಡರು, ಕಾಣದವರಂತೆ ಇತ್ತ ಬಂದರು. ಶಾಲೆ ಬಿಟ್ಟಿತು. ನಿನ್ಸೀಮ ಚೀಲ ಹೆಗಲಿಗೇರಿಸಿ ಗೇಟಿಗೆ ಬಂದಾಗ ಕೆದ್ರೆಸ್ ಅಲ್ಲಿ ಕಾಯುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಮುಂದೇನು ಮಾಡಬೇಕೆಂದು ಇಬ್ಬರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಮೇಷ್ಟ್ರು ವರಾಂಡದಿಂದಲೇ ನೋಡುತ್ತಿದ್ದರು.

“ಸ್ವೆಟರ್ ಗುಂಡಿ ಎಲ್ಲಿ?” ಅಂದಳು ಕೆದ್ರೆಸ್. ಆಚೆ ಬೆಟ್ಟಕ್ಕೂ ಕೇಳಿಸಿತು.

“ಬಿದ್ದೋಯ್ತು ಅಮ್ಮ.”

ಕೆದ್ರೆಸ್ ಒಂದು ಕ್ಷಣ ಬಾಯಿ ತೆರೆದು ಹಾಗೇ ನಿಂತಳು. ಆಮೇಲೆ ಹುಡುಗಿಯ ಹೆಗಲಿಂದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. “ಬಿದ್ದೋಯ್ತಂತೆ. ಎಲ್ಲಿ ಬಿತ್ತು? ನೋಡ್ಕೊಳ್ಳೋಕೆ ಕಣ್ಣಿರ್ಲಿಲ್ವಾ? ಹೊಲಿದು ನಾಲ್ಕು ದಿನ ಆಗಿಲ್ಲ...”

ಬೈಗುಳ ಇಳಿಜಾರಿನುದ್ದಕ್ಕೂ ಸಾಗಿತು. ನಡುನಡುವೆ ಸಣ್ಣ ದನಿಯೊಂದು ಏನೋ ಉತ್ತರ ಕೊಡುತ್ತಿತ್ತು, ಮತ್ತೆ ದೊಡ್ಡ ದನಿ ಏಳುತ್ತಿತ್ತು. ಇಬ್ಬರೂ ತಿರುವು ದಾಟಿ ಮರೆಯಾದ ಮೇಲೂ ಕಬಗಾಂಬೆ ಮೇಷ್ಟ್ರು ಎಡಗಾಲನ್ನು ನೀವಿಕೊಳ್ಳುತ್ತ, ಆ ಬೈಗುಳ ಕೇಳಿಸುವಷ್ಟು ಹೊತ್ತೂ ಅಲ್ಲೇ ನಿಂತಿದ್ದರು.